ಕಾರ್ಡಿನ ಬಲ ಎಲ್ಲಿದೆ?

ಕಾರ್ಡಾಟದಲ್ಲಿ ಯಾವ ಕಾರ್ಡು ಎಷ್ಟು ಬಲವಾದದ್ದು ಎಂಬುದು ಮೇಲುನೋಟಕ್ಕೆ ಹುಡುಗರ ಚರ್ಚೆಯಂತೆ ತೋರೀತು. ತೂಗಿ ನೋಡಿದರೆ ಅದು ವಿಮರ್ಶೆಯ ಪ್ರಶ್ನೆಯೇ ಸರಿ. ಅಮೆರಿಕದ ರಿಚರ್ಡ್ ಗಾರ್‌ಫೀಲ್ಡ್ ರಚಿಸಿ, 1993ರಲ್ಲಿ ಹೊರಬಂದ 'ಮ್ಯಾಜಿಕ್: ದಿ ಗ್ಯಾದರಿಂಗ್' ಆಟದಲ್ಲಿ ಇಸ್ಪೀಟಿನಂತೆ ಎಲ್ಲರಿಗೂ ಒಂದೇ ಕಟ್ಟಿಲ್ಲ. ಕೊಂಡು ಕೂಡಿಸಿದ, ಅದಲುಬದಲು ಮಾಡಿಕೊಂಡ ಕಾರ್ಡುಗಳಲ್ಲಿ ಬೇಕಾದುವನ್ನು ಆರಿಸಿ ಆಟಗಾರನು ತನ್ನ ಕಟ್ಟನ್ನು ತಾನೇ ರಚಿಸಿಕೊಳ್ಳಬೇಕು. ಆಯ್ಕೆ ಇರುವಲ್ಲಿ ವಿಮರ್ಶೆ ತಪ್ಪದು.

ಮೊದಲ ಮುದ್ರಣದಲ್ಲೇ ಐದು ಕಾರ್ಡುಗಳ ಒಂದು ಮಾಲೆಯಿದೆ. ಐದಕ್ಕೂ ತೆರಬೇಕಾದ್ದು ಒಂದೇ 'ಮಾನಾ'. ಮಂತ್ರ ಪ್ರಯೋಗಕ್ಕೆ ವ್ಯಯವಾಗುವ ಶಕ್ತಿಗೆ ಅಲ್ಲಿ ಈ ಹೆಸರು. ಐದೂ ಕೊಡುವುದು ಮೂರನ್ನೇ. 'ಲೈಟ್ನಿಂಗ್ ಬೋಲ್ಟ್' ಮೂರು ಪೆಟ್ಟು ಕೊಡುತ್ತದೆ. 'ಜೈಂಟ್ ಗ್ರೋತ್' ಒಂದು ಜೀವಿಯ ಬಲವನ್ನೂ ತಾಳಿಕೆಯನ್ನೂ ಆ ಸರದಿಯ ಮಟ್ಟಿಗೆ ಮೂರು ಹೆಚ್ಚಿಸುತ್ತದೆ. 'ಡಾರ್ಕ್ ರಿಚುಯಲ್' ಮೂರು ಮಾನಾ, 'ಹೀಲಿಂಗ್ ಸ್ಯಾಲ್ವ್' ಮೂರು ಪ್ರಾಣಾಂಶ, 'ಆನ್ಸೆಸ್ಟ್ರಲ್ ರೀಕಾಲ್' ಮೂರು ಕಾರ್ಡು. ಲೆಕ್ಕದಲ್ಲಿ ಐದೂ ಸಮ, ಆಟದಲ್ಲಿ ಅಜಗಜಾಂತರ! ಕೊನೆಯದನ್ನು 'ವಿಂಟೇಜ್' ಪಂದ್ಯಗಳಲ್ಲಿ ಕಟ್ಟಿಗೆ ಒಂದಕ್ಕಿಂತ ಹೆಚ್ಚು ಇಡುವಂತಿಲ್ಲ. ಸ್ಯಾಲ್ವನ್ನು ಕೇಳುವವರು ವಿರಳ. ಮೂರು ಪ್ರಾಣಾಂಶ ಸೋಲನ್ನು ತುಸು ಮುಂದೂಡೀತು. ಮೂರು ಕಾರ್ಡು ಗೆಲುವಿಗೆ ಮೂರು ದಾರಿ ತೆರೆದೀತು. ಮಾತ್ರೆ ಸಮನಾದ ಮಾತ್ರಕ್ಕೆ ಎರಡು ಪದಗಳು ಪದ್ಯದಲ್ಲಿ ಸಮನಾಗಿ ತೂಗುವುದಿಲ್ಲವಷ್ಟೆ.

ಈ ಪಾಠ ಎಲ್ಲರಿಗೂ ಒಡನೆ ಹತ್ತಲಿಲ್ಲ. 1995ರಲ್ಲಿ 'ನೆಕ್ರೊಪೊಟೆನ್ಸ್' ಬಂದಾಗ ಅನೇಕರು ಮೂಗು ಮುರಿದರು. ಅದನ್ನು ಹೂಡಿದವನು ಪ್ರತಿ ಸರದಿಗೆ ಸಹಜವಾಗಿ ಸಿಗುವ ಕಾರ್ಡನ್ನು ಬಿಟ್ಟುಕೊಡಬೇಕು. ಬೇಕಾದಷ್ಟು ಕಾರ್ಡು ಪಡೆಯಬಹುದು, ಆದರೆ ಒಂದೊಂದಕ್ಕೂ ತನ್ನ ಇಪ್ಪತ್ತು ಪ್ರಾಣಾಂಶಗಳಲ್ಲಿ ಒಂದನ್ನು ಕಳೆದುಕೊಳ್ಳಬೇಕು. ಇದು ಆತ್ಮಹತ್ಯೆಯಲ್ಲವೆ ಎಂದರು. ಆದರೆ 1996ರ ಬೇಸಿಗೆಯ ಪಂದ್ಯಗಳನ್ನು ಅದೇ ಕಾರ್ಡು ಆಳಿತು; ಆ ಕಾಲಕ್ಕೆ ಆಟಗಾರರು 'ಕಪ್ಪು ಬೇಸಿಗೆ' ಎಂದೇ ಹೆಸರಿಟ್ಟರು. ಪ್ರಾಣಾಂಶವು ಕಾಪಿಡುವ ನಿಧಿಯಲ್ಲ, ಹೂಡಬೇಕಾದ ಬಂಡವಾಳ. ಕೊನೆಯ ಒಂದು ಉಳಿದರೂ ಆಟಗಾರ ಬದುಕಿದ್ದಾನೆ. ಸ್ಯಾಲ್ವ್ ಏಕೆ ಹಗುರವೆಂದು ತಿಳಿದವನಿಗೆ ನೆಕ್ರೊಪೊಟೆನ್ಸ್ ಏಕೆ ಭಾರವೆಂಬುದೂ ತಿಳಿಯಬೇಕಿತ್ತು.

ಹಾಗೆಂದು ಎಲ್ಲವೂ ಸಂದರ್ಭದ ಮಹಿಮೆ ಎಂದು ಕೈತೊಳೆದುಕೊಳ್ಳುವುದೂ ಸಲ್ಲದು. ರೀಕಾಲ್ ನೀಲಿ ಬಣ್ಣದ ಯಾವ ಕಟ್ಟಿನಲ್ಲೂ ಬಲವಾದದ್ದೇ. ನೆಕ್ರೊಪೊಟೆನ್ಸ್‌ಗೆ ತಕ್ಕ ಜೊತೆ ಬೇಕು. ಆದುದರಿಂದ ಪರೀಕ್ಷಕನು ಎರಡು ಪ್ರಶ್ನೆ ಕೇಳಬೇಕು: ಸಾಧಾರಣ ಕಟ್ಟಿನಲ್ಲಿ ಇದು ಏನು ಕೊಡುತ್ತದೆ? ಇದಕ್ಕೆಂದೇ ರಚಿಸಿದ ಕಟ್ಟಿನಲ್ಲಿ ಏನಾಗಬಲ್ಲದು? ಮೊದಲನೆಯದು ಗುಣದ ಮಾತು, ಎರಡನೆಯದು ಕ್ಷೇಮೇಂದ್ರನು ಎತ್ತಿ ಹಿಡಿದ ಔಚಿತ್ಯದ ಮಾತು.

ಕವನಸಂಕಲನ ಕೈಸೇರಿದ ವಾರದಲ್ಲೇ ತೀರ್ಪು ಬರೆದು ಕಳಿಸುವ ನಾವು ಬಹುಮಟ್ಟಿಗೆ ಮೊದಲ ಪ್ರಶ್ನೆಗೇ ನಿಲ್ಲುತ್ತೇವೆ. ಕಾರ್ಡಾಟದವರ ತಪ್ಪನ್ನು ಮರುವರ್ಷದ ಪಂದ್ಯವೇ ತಿದ್ದಿತು. ನಮ್ಮ ತಪ್ಪನ್ನು ತಿದ್ದಲು ಅಂಥ ಪಂದ್ಯವಿಲ್ಲ. ಪುಸ್ತಕವನ್ನು ಮತ್ತೊಮ್ಮೆ ತೆರೆಯುವ ಓದುಗನೊಬ್ಬನೇ ಇದ್ದಾನೆ.