ಚಿತ್ರಕ್ಕೆ ಬಿಟ್ಟ ಮಾತು

ರೋಹಿಣಿ ನಿಲೇಕಣಿ ಬರೆದು, ಆಂಜಿ ಮತ್ತು ಉಪೇಶ್ ಚಿತ್ರ ಬಿಡಿಸಿರುವ ಶೃಂಗೇರಿ ಶ್ರೀನಿವಾಸನ ಕಥೆ ಪ್ರಥಮ್ ಬುಕ್ಸ್‌ನ ಪುಟ್ಟ ಪುಸ್ತಕ. ವರ್ಷಕ್ಕೊಮ್ಮೆ ಕೂದಲು ಕತ್ತರಿಸಿಕೊಳ್ಳುವ ಶ್ರೀನಿವಾಸ ಹೊರಟರೆ ಕ್ಷೌರಿಕನಿಗೆ ಪುರುಸೊತ್ತಿಲ್ಲ, ದರ್ಜಿಗಿಲ್ಲ, ಬಡಗಿಗೂ ಇಲ್ಲ. ಕೊನೆಗೆ ಕೆಲಸ ಮುಗಿಸಿಕೊಡುವುದು ಹುಲಿಯ ಗರ್ಜನೆ! ಮಾತು ಒಂದೇ ವರಸೆಯಲ್ಲಿ ಮರಳಿ ಬರುವುದರಿಂದ ಮೂರನೆಯವರ ಹತ್ತಿರ ಹೋಗುವ ಹೊತ್ತಿಗೆ ಮಗುವೇ ಅದನ್ನು ಹೇಳಿಬಿಡುತ್ತದೆ. ಕಣ್ಣಿಗೆ ಚಿತ್ರದಲ್ಲಿ ಅಡ್ಡಾಡಲು ಬಿಡುವಾಗುತ್ತದೆ. ಕೂದಲು ಉದ್ದ ಎಂದು ಮಾತು ಹೇಳುತ್ತದೆ, ಎಷ್ಟು ಉದ್ದ ಎಂಬುದು ಚಿತ್ರದ ಪಾಲು.

ಈ ಪಾಲು ಹಂಚಿಕೆ ಕೋಲಾರದ ಚಿನ್ನದ ಗಣಿಯ ಊರು ಕೆಜಿಎಫ್‌ನಲ್ಲಿ ಇನ್ನೂ ಮುಖ್ಯ. ಅಲ್ಲಿನ ಕೋರಮಂಡಲ್, ಚಾಂಪಿಯನ್ ರೀಫ್ಸ್‌ನ ಗಣಿ ಕಾರ್ಮಿಕರ ಲೈನ್ ಮನೆಗಳಲ್ಲಿ ಆಡುವುದು ಹೆಚ್ಚಾಗಿ ತಮಿಳು. ಬಂಗಾರಪೇಟೆ ಸುತ್ತಲ ಹಳ್ಳಿಗಳಲ್ಲಿ ತೆಲುಗೂ ಉಂಟು. ಎಷ್ಟೋ ಮಕ್ಕಳಿಗೆ ಕನ್ನಡ ಸಿಗುವುದು ಶಾಲೆಯಲ್ಲೇ. ಹಾಗಾಗಿ ಮಾತು ಹೇಳಿದ್ದನ್ನೇ ಚಿತ್ರವೂ ತೋರಿಸಲಿ ಎಂದು ದೊಡ್ಡವರು ಬಯಸುತ್ತಾರೆ. ನನಗೆ ಇದು ಒಪ್ಪಿಗೆಯಿಲ್ಲ. ಅಂಥ ಪುಸ್ತಕ ಮಗುವಿಗೆ ಹೆಸರುಗಳನ್ನು ಕಲಿಸೀತು, ಬಾಯಿ ಬಿಡಿಸಲಾರದು. ಪ್ಯಾಟ್ ಹಚಿನ್ಸ್ ಅವರ 1968ರ 'ರೋಸೀಸ್ ವಾಕ್'ನಲ್ಲಿ ಕೋಳಿಯೊಂದು ಹೊಲಮನೆ ಸುತ್ತಿ ಬರುತ್ತದೆ. ಇಡೀ ಪುಸ್ತಕಕ್ಕೆ 32 ಪದ. ಬೆನ್ನ ಹಿಂದೆ ನರಿಯಿದೆ. ಮಾತಿನಲ್ಲಿ ಅದರ ಸುದ್ದಿಯೇ ಇಲ್ಲ. ನರಿ, ನರಿ ಎಂದು ಮಗು ಕೂಗದೆ ಇದ್ದೀತೆ? ತಮಿಳಿನಲ್ಲೇ ಕೂಗಲಿ. ಮೇಷ್ಟ್ರು ಕನ್ನಡ ಸೇರಿಸಬೇಕಾದದ್ದು ಆ ಗಳಿಗೆಯಲ್ಲಿ.

ಎಲ್ಲ ಚಿತ್ರಗಳೂ ಹೀಗೆಯೇ ದುಡಿಯಬೇಕೆಂದಿಲ್ಲ. ಹೆಣ ಹೊತ್ತು ನಡೆವ ವಿಕ್ರಮನನ್ನು ಮಕ್ಕಳ ಮಾಸಿಕ 'ಚಂದಮಾಮ'ದಲ್ಲಿ ಬಿಡಿಸಿದ ಶಂಕರ್ ದೊಡ್ಡ ಕಲಾವಿದರು. ಆದರೆ ಆ ಚಿತ್ರ ತೆಗೆದರೂ ಬೇತಾಳನ ಕಥೆ ನಿಲ್ಲುತ್ತದೆ. ಅದು ಕೊರತೆಯಲ್ಲ, ಬೇರೆಯೇ ಜಾತಿ. ಚಿತ್ರಪುಸ್ತಕವನ್ನೂ ಅದೇ ಅಳತೆಯಲ್ಲಿ ಹೊಲಿದಾಗಲೇ ತೊಂದರೆ.

2015ರಲ್ಲಿ ಶುರುವಾದ, ಪ್ರಥಮ್ ಬುಕ್ಸ್‌ನದೇ ಜಾಲತಾಣ ಸ್ಟೋರಿವೀವರ್‌ನಲ್ಲಿ ಒಂದೇ ಚಿತ್ರಮಾಲೆಗೆ ಕನ್ನಡ, ತಮಿಳು, ತೆಲುಗು ಮೂರೂ ಸಿಗಬಹುದು. ಕೆಜಿಎಫ್‌ಗೆ ಇದಕ್ಕಿಂತ ಅನುಕೂಲ ಬೇಕೆ? ಅನುವಾದಕರು ಮಾತ್ರ ಕೈ ಬಿಗಿ ಹಿಡಿಯಬೇಕು. ಮೂಲ ಸುಮ್ಮನಿದ್ದ ಕಡೆ, ಮಗುವಿಗೆ ತಿಳಿಯಲೆಂದು ಚಿತ್ರದೊಳಗಿನದನ್ನೆಲ್ಲ ವಾಕ್ಯವಾಗಿಸಿದರೆ ನರಿಯನ್ನು ಹಿಡಿದುಕೊಟ್ಟಂತೆಯೇ.

ಇನ್ನು ಚಿತ್ರಗಳಲ್ಲಿ ಊರು ಎಂದರೆ ಬಾವಿ, ತೆಂಗು, ಹೆಂಚಿನ ಮನೆ. (ಕೆಜಿಎಫ್‌ನ ಗಣಿ ಕಸದ ಸೈನೈಡ್ ದಿಬ್ಬ ಬಿಡಿಸಲು ಬಣ್ಣಕ್ಕೇನು ಬರವೆ?) ಗಣಿ ಮುಚ್ಚಿದ್ದು 2001ರ ಫೆಬ್ರುವರಿ 28ರಂದು, ಮೂರು ಕಿಲೋಮೀಟರ್‌ಗೂ ಮೀರಿದ ಆ ಆಳ ಇಂದಿನ ಮಕ್ಕಳಿಗೆ ಬರೀ ಕೇಳಿದ ಮಾತು. ಅದನ್ನು ಪುಸ್ತಕ ಮಾಡುವವರು ಹಾಳೆಯನ್ನು ಮೇಲಿಂದ ಕೆಳಕ್ಕೆ ಬಿಚ್ಚುವಂತೆ ಮಡಚಲಿ. ತಾತ ಶಿಫ್ಟಿಗೆ ಹೋದರು ಎಂಬಷ್ಟನ್ನು ಮಾತು ಹೇಳಲಿ. ಇಳಿಯುವ ಕೆಲಸವೆಲ್ಲ ಚಿತ್ರದ್ದು. ಪುಟಕ್ಕೊಂದು ಸಾಲು ಸಹ ಹೆಚ್ಚಾದೀತು.