ಗಡಿಗೆಯ ಗುಣ ಬಣ್ಣದಲ್ಲಿಲ್ಲ

ಹವಾಮಾನ ವರದಿಯಲ್ಲಿ ದಿನವೂ 'ಕೊಲಾಬಾ, ಸಾಂತಾಕ್ರೂಜ್' ಎಂದು ನಮ್ಮ ಊರಿನ ಹೆಸರು ಕೇಳುತ್ತೇವೆ. ಇಲ್ಲಿಯ ಸೆಕೆ ಎಂಥದೆಂದು ವಾಚಕರಿಗೆ ಹೇಳಬೇಕಾಗಿಲ್ಲ. ಕಳೆದ ಬೇಸಗೆಯಲ್ಲಿ ನಮ್ಮ ಮನೆಗೆ ಎರಡು ಗಡಿಗೆಗಳು ಬಂದವು. ಒಂದು, ಮಾಹಿಮ್‌ನಲ್ಲಿ ಇಳಿದು ಧಾರಾವಿಯ ಕುಂಭಾರವಾಡೆಗೆ ನಡೆದುಹೋಗಿ ತಂದ ಸಾದಾ ಕೆಂಪು ಗಡಿಗೆ. ಇನ್ನೊಂದು, ಒಂದು ಕರಕುಶಲ ಪ್ರದರ್ಶನದಲ್ಲಿ ಕೊಂಡದ್ದು. ಮೈತುಂಬ ಎಣ್ಣೆಬಣ್ಣ, ಅದರ ಮೇಲೆ ಹೂಬಳ್ಳಿ. ಬೆಲೆ ಹೆಚ್ಚು ಎರಡನೆಯದಕ್ಕೆ. ಬಂದವರ ಹೊಗಳಿಕೆಯೂ ಅದಕ್ಕೇ. ಆದರೆ ವಾರ ಕಳೆಯುವುದರೊಳಗೆ ಮಕ್ಕಳು ನೀರಿಗಾಗಿ ಮೊದಲನೆಯದರ ಬಳಿಗೇ ಹೋಗತೊಡಗಿದರು. ಇದಕ್ಕಿಂತ ದೊಡ್ಡ ವಿಮರ್ಶೆ ಯಾವುದು?

ಕಾರಣ ಸರಳ. ಹದವಾಗಿ ಸುಟ್ಟ ಮಣ್ಣಿನಲ್ಲಿ ಕಣ್ಣಿಗೆ ಕಾಣದ ರಂಧ್ರಗಳಿರುತ್ತವೆ. ಅವುಗಳ ಮೂಲಕ ಜಿನುಗಿದ ನೀರು ಹೊರಮೈಯಲ್ಲಿ ಆವಿಯಾಗುವಾಗ ಗ್ರಾಮಿಗೆ ಸುಮಾರು 580 ಕೆಲೊರಿ ಶಾಖವನ್ನು ಒಯ್ಯುತ್ತದೆ. ಹತ್ತು ಲೀಟರಿನಲ್ಲಿ ನೂರು ಗ್ರಾಂ ಆವಿಯಾಯಿತೆನ್ನಿ. ಹೊರಗಿನ ಶಾಖ ಒಳಬಾರದಿದ್ದರೆ ಉಳಿದ ನೀರು ಹೆಚ್ಚುಕಡಿಮೆ 6 ಡಿಗ್ರಿ ತಣಿಯಬೇಕು. ಎಣ್ಣೆಬಣ್ಣ ಬಳಿದರೆ ರಂಧ್ರಗಳು ಮುಚ್ಚುತ್ತವೆ. ಆಮೇಲೆ ಅದು ಗಡಿಗೆಯಲ್ಲ, ಗಡಿಗೆಯ ಚಿತ್ರ.

ಸಾದಾ ಗಡಿಗೆಯನ್ನೂ ಸುಮ್ಮನೆ ಹೊಗಳಲಾರೆವು. ಅದರ ತಳ ಗುಂಡು. ಸಿಂಬಿಯಿಲ್ಲದೆ ಅಡಿಗೆಮನೆಯ ಕಟ್ಟೆಯ ಮೇಲೆ ನಿಲ್ಲದು. ಒಣಹವೆಯ ವಿಜಾಪುರದಲ್ಲಿ ತಣಿಸಿದಷ್ಟು ನೀರನ್ನು ಈ ಕಡಲತೀರದಲ್ಲಿ ತಣಿಸಲೂ ಆರದು. ಒಗೆದ ಬಟ್ಟೆ ಒಣಗದ ದಿನ ಗಡಿಗೆಯೂ ಸೋಲುತ್ತದೆ. ಆದರೆ ಇವು ಕುಂಬಾರನ ತಪ್ಪುಗಳಲ್ಲ. ಒಳಗೊಂದು ಕಲ್ಲು ಒತ್ತಿಹಿಡಿದು, ಹೊರಗಿನಿಂದ ಹಲಗೆಯಲ್ಲಿ ತಟ್ಟಿ ತೆಳುವಾಗಿಸಿದ ಮೈಗೆ ಗುಂಡು ತಳವೇ ಸಹಜ. ತಪ್ಪಿರುವುದು ಕಪಾಟಿನ ಅಲಂಕಾರಕ್ಕೆಂದೇ ಗಡಿಗೆ ಕೊಳ್ಳುವ ನಮ್ಮ ಅಭಿರುಚಿಯಲ್ಲಿ.

ನಮ್ಮ ಕವಿಗೆ ಈ ವಿವೇಕವಿತ್ತು. ಹರಿಹರನ ರಗಳೆಯಲ್ಲಿ ಕುಂಬಾರ ಗುಂಡಯ್ಯ ತಟ್ಟುವ ಮಡಕೆಯ ನಾದಕ್ಕೆ ಸಾಕ್ಷಾತ್ ಶಿವನೇ ಕುಣಿಯುತ್ತಾನೆ. ಶಿವನನ್ನು ಕುಣಿಸಿದ್ದು ಬಣ್ಣವಲ್ಲ, ಕೆಲಸದ ಸದ್ದು. ಇಂದಿಗೂ ತಿಳಿದವರು ಗಡಿಗೆ ಕೊಳ್ಳುವ ಮುನ್ನ ಬೆರಳಿನಿಂದ ಬಡಿದು ನೋಡುತ್ತಾರೆ; ಬಿರುಕಿಲ್ಲದ್ದು ಖಣಿಲ್ ಎನ್ನುತ್ತದೆ, ಬಿರುಕುಬಿಟ್ಟದ್ದು ಬೊದ್ದೆನ್ನುತ್ತದೆ.

ಕುಂಭಾರವಾಡೆಯವರ ಹಿರಿಯರು ಸೌರಾಷ್ಟ್ರದಿಂದ ಬಂದವರು, ನಮ್ಮಂತೆಯೇ ವಲಸಿಗರು. ಅವರ ವಸತಿ 1930ರ ದಶಕದಲ್ಲಿ ಧಾರಾವಿಯಲ್ಲಿ ನೆಲೆಗೊಂಡಿತು. ಅಲ್ಲಿ ಮನೆ, ತಿಗರಿ, ಒಣಹಾಕುವ ಅಂಗಳ, ಆವಿಗೆ ಎಲ್ಲವೂ ಅಕ್ಕಪಕ್ಕ. ಈಗ ಧಾರಾವಿಯ ಮರುಅಭಿವೃದ್ಧಿಯ ಮಾತು ನಡೆದಿದೆ. ಆವಿಗೆಯ ಹೊಗೆ ಅಲ್ಲಿಯವರ ಎದೆಗೆ ಕೆಟ್ಟದ್ದೆಂಬುದು ನಿಜ. ಅದಕ್ಕೆ ಪರಿಹಾರ ಬೇಕೇ ಬೇಕು. ಆದರೆ ಏಳನೆಯ ಮಹಡಿಯ ಕೋಣೆಯಲ್ಲಿ ಅಂಗಳ ಎಲ್ಲಿಂದ ಬರಬೇಕು? ನೂರಾರು ಹಸಿ ಗಡಿಗೆಗಳು ಎಲ್ಲಿ ಒಣಗಬೇಕು? 'ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ' ಎಂಬ ಗಾದೆ ಹಿಂದೆಂದೂ ಇಷ್ಟು ನಿಜವೆನಿಸಿರಲಿಲ್ಲ.

ಸರಕಾರದ ನಿರ್ಧಾರ ನಮ್ಮ ಕೈಯಲ್ಲಿಲ್ಲ. ಮನೆಯ ನೀರು ಯಾವುದರಲ್ಲಿರಬೇಕು ಎಂಬುದು ನಮ್ಮ ಕೈಯಲ್ಲಿದೆ. ಬರುವ ಬೇಸಗೆಗೆ ವಾಚಕರು ಒಂದು ಸಾದಾ ಗಡಿಗೆ ತರಲಿ, ಬಡಿದು ನೋಡಿಯೇ ತರಲಿ. ನಮ್ಮ ಹೂಬಳ್ಳಿಯ ಗಡಿಗೆಯಲ್ಲಿ ಈಗ ಕೊಡೆಗಳಿವೆ.