ನೀರ ಮೇಲೆ ಕುಪ್ಪಳಿಸುವ ಕಲ್ಲು

ಕೆರೆ ಏರಿಯ ಮೇಲೆ ನಿಂತವರ ಕಣ್ಣು ಮೊದಲು ಹುಡುಕುವುದು ಚಪ್ಪಟೆ ಕಲ್ಲನ್ನು. ಒಡೆದ ಹೆಂಚಿನ ಚೂರಾದರೂ ನಡೆದೀತು. ತೋರುಬೆರಳನ್ನು ಅಂಚಿಗೆ ಸುತ್ತಿ, ಸೊಂಟ ಬಗ್ಗಿಸಿ, ಬಿಡುವ ಗಳಿಗೆಯಲ್ಲಿ ಮಣಿಕಟ್ಟನ್ನು ಝಾಡಿಸಬೇಕು. ಗುಟ್ಟೆಲ್ಲ ಅಲ್ಲೇ ಇದೆ: ಬುಗುರಿಯಂತೆ ಗಿರಗಿರ ತಿರುಗುವ ಕಲ್ಲು ವಾಲುವುದಿಲ್ಲ, ಮುಂದಿನ ಅಂಚನ್ನು ತುಸು ಎತ್ತಿಕೊಂಡೇ ನೀರಿಗೆ ತಾಗಿ ಪುಟಿಯುತ್ತದೆ. ಫ್ರಾನ್ಸಿನ ಭೌತವಿಜ್ಞಾನಿಗಳು 2004ರಲ್ಲಿ ಅಳೆದು ನೋಡಿ, ಕಲ್ಲು ನೀರಿಗೆ ಸುಮಾರು 20 ಡಿಗ್ರಿ ಓರೆಯಾಗಿದ್ದರೆ ಚೆನ್ನ ಎಂದರು. ಅದನ್ನು ಓದಿದ ಮಾತ್ರಕ್ಕೆ ಕೈ ಪಳಗದು, ಬಿಡಿ. ಅಮೆರಿಕದ ಕರ್ಟ್ ಸ್ಟೈನರ್ 2013ರಲ್ಲಿ ಒಂದೇ ಎಸೆತಕ್ಕೆ 88 ಸಲ ಪುಟಿಸಿ ದಾಖಲೆ ಬರೆದರು. ನಮಗೆ ಆರೇಳು ಬಂದರೇ ಊರಿಗೆಲ್ಲ ಹೇಳಿಕೊಳ್ಳುವಷ್ಟು ಹಿಗ್ಗು. ಪಕ್ಕದವನು ಮಾತ್ರ ಐದೇ ಎಂದು ವಾದಕ್ಕಿಳಿಯುತ್ತಾನೆ, ಕೊನೆಯ ನೆಗೆತಗಳು ಅಷ್ಟು ಒತ್ತೊತ್ತಾಗಿ ಬೀಳುತ್ತವೆ.